ರಾತ್ರಿ ಹೊತ್ತು ಚುಕ್ಕಾಣಿ ಹಿಡಿಯೋರು ಯಾರು?

ಹಾಸ್ಟೆಲ್‌ನಲ್ಲಿ ಅಭಿಲಾಷ್ ಟೋಮಿ ಅವರ ವಿಡಿಯೋ ಒಂದನ್ನು ನೋಡ್ತಾ ಇದ್ವಿ. ನನ್ನ ರೂಮ್‌ಮೇಟ್ ಇದ್ದಕ್ಕಿದ್ದ ಹಾಗೆ ಕೇಳಿದ: "ಒಬ್ರೇ ಹೋಗ್ತಾರೆ, ಸರಿ. ರಾತ್ರಿ ಬೋಟ್ ಎಲ್ಲಿ ಪಾರ್ಕ್ ಮಾಡ್ತಾರೆ?"

ಎಲ್ಲರೂ ನಕ್ಕರು. ಆಮೇಲೆ ನೋಡಿದರೆ ಉತ್ತರ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸಾಗರದ ನಡುವೆ ನೀರು ನಾಲ್ಕೈದು ಕಿಲೋಮೀಟರ್ ಆಳ ಇರುತ್ತೆ, ಲಂಗರು ಹಾಕೋ ಮಾತೇ ಇಲ್ಲ. ಹಾಯಿ ಇಳಿಸಿ ಸುಮ್ಮನೆ ಕೂತರೂ ಗಾಳಿ, ಅಲೆ ತಳ್ಳಿದ ಕಡೆ ಬೋಟ್ ಹೋಗ್ತಾನೇ ಇರುತ್ತೆ. ಟೋಮಿ ಅವರು 2022–23ರಲ್ಲಿ 236 ದಿನ ಎಲ್ಲೂ ನಿಲ್ಲದೆ, ಒಬ್ಬರೇ ಭೂಮಿ ಸುತ್ತಿ ಬಂದರು. ಹಾಗಾದ್ರೆ ಅವರು ನಿದ್ದೆ ಮಾಡಿದ್ದು ಯಾವಾಗ? ಆಗ ಚುಕ್ಕಾಣಿ ಯಾರ ಕೈಯಲ್ಲಿತ್ತು?

ಉತ್ತರ ಹುಡುಕುತ್ತಾ ಹೋದರೆ ನಮ್ಮ ಕಂಟ್ರೋಲ್ ಸಿಸ್ಟಮ್ಸ್ ಸಬ್ಜೆಕ್ಟೇ ಎದುರಿಗೆ ಬಂತು. ಸ್ವಲ್ಪ ಲ್ಯಾಬ್ ರೆಕಾರ್ಡ್ ಕೂಡ.

1968ರ ನಿಯಮ, ಇವತ್ತಿನ ರೇಸ್

ಮೊದಲು ಹಿನ್ನೆಲೆ. 1968ರಲ್ಲಿ ಇಂಗ್ಲೆಂಡಿನ ಸಂಡೇ ಟೈಮ್ಸ್ ಪತ್ರಿಕೆ ಗೋಲ್ಡನ್ ಗ್ಲೋಬ್ ಅನ್ನೋ ಸ್ಪರ್ಧೆ ಇಟ್ಟಿತು. ಒಬ್ಬರೇ, ಎಲ್ಲೂ ನಿಲ್ಲದೆ, ಹಾಯಿದೋಣಿಯಲ್ಲಿ ಭೂಮಿ ಸುತ್ತಬೇಕು. ಅಲ್ಲಿಯವರೆಗೆ ಯಾರೂ ಇದನ್ನು ಮಾಡಿರಲಿಲ್ಲ. ಒಂಬತ್ತು ಜನ ಹೊರಟರು, ಮುಗಿಸಿದ್ದು ಒಬ್ಬರೇ: ರಾಬಿನ್ ನಾಕ್ಸ್-ಜಾನ್‌ಸ್ಟನ್. ಅವರ ಬೋಟ್ 'ಸುಹೈಲಿ' 32 ಅಡಿ ಉದ್ದದ್ದು, ಮುಂಬೈಯಲ್ಲಿ ನಮ್ಮ ಬಡಗಿಗಳು ತೇಗದ ಮರದಲ್ಲಿ ಕಟ್ಟಿದ್ದು. 1968ರ ಜೂನ್ 14ರಂದು ಹೊರಟವರು 312 ದಿನ ಆದ ಮೇಲೆ, 1969ರ ಏಪ್ರಿಲ್ 22ರಂದು ವಾಪಸ್ ಬಂದರು.

ಈ ಸ್ಪರ್ಧೆಯ ನೆನಪಿಗೆ, ಸರಿಯಾಗಿ ಐವತ್ತು ವರ್ಷದ ನಂತರ, 2018ರಲ್ಲಿ ಗೋಲ್ಡನ್ ಗ್ಲೋಬ್ ರೇಸ್ ಮತ್ತೆ ಶುರುವಾಯಿತು. ಷರತ್ತು ಏನಂದ್ರೆ, ತಂತ್ರಜ್ಞಾನ 1968ರದ್ದೇ ಇರಬೇಕು. 32ರಿಂದ 36 ಅಡಿಯ ಹಳೇ ಮಾದರಿ ಬೋಟ್. ಜಿಪಿಎಸ್ ಇದೆ, ಆದರೆ ಸೀಲ್ ಮಾಡಿದ ಡಬ್ಬಿಯಲ್ಲಿ. ಪ್ರಾಣಾಪಾಯ ಬಂದರೆ ಮಾತ್ರ ಒಡೀಬಹುದು. ಎಲೆಕ್ಟ್ರಾನಿಕ್ ಆಟೋಪೈಲಟ್ ಇಲ್ಲ.

ಅಂದ್ರೆ ಮೈಕ್ರೋಕಂಟ್ರೋಲರ್ ಇಲ್ಲ, ಮೋಟಾರ್ ಇಲ್ಲ. ಆದರೂ ಬೋಟ್ ತಾನಾಗೇ ದಾರಿ ಹಿಡಿದು ಹೋಗಬೇಕು.

ವಿದ್ಯುತ್ ಇಲ್ಲದ ಫೀಡ್‌ಬ್ಯಾಕ್ ಲೂಪ್

ಈ ಕೆಲಸ ಮಾಡೋದು ವಿಂಡ್‌ವೇನ್ ಅನ್ನೋ ಸಾಧನ. ಬೋಟಿನ ಹಿಂಭಾಗದಲ್ಲಿ ಒಂದು ತೆಳುವಾದ ಹಲಗೆ ನೆಟ್ಟಗೆ ನಿಂತಿರುತ್ತೆ. ಇದು ಸೆನ್ಸರ್. ನಾವಿಕ ಮೊದಲು ಬೋಟನ್ನು ಬೇಕಾದ ದಿಕ್ಕಿಗೆ ತಿರುಗಿಸಿ, ಹಲಗೆಯ ಅಂಚು ಗಾಳಿಗೆ ಎದುರಾಗಿರೋ ಹಾಗೆ ಹೊಂದಿಸ್ತಾನೆ. ಇದು ಸೆಟ್ ಪಾಯಿಂಟ್. ಗಾಳಿ ಹಲಗೆಯ ಎರಡೂ ಕಡೆ ಸಮನಾಗಿ ಜಾರಿ ಹೋಗುತ್ತೆ, ಹಲಗೆ ಅಲುಗಾಡಲ್ಲ. ಎರರ್ ಸೊನ್ನೆ.

ಈಗ ಒಂದು ಅಲೆ ಬಂದು ಬೋಟನ್ನು ಹತ್ತು ಡಿಗ್ರಿ ತಿರುಗಿಸಿತು ಅಂದುಕೊಳ್ಳಿ. ಗಾಳಿ ಈಗ ಹಲಗೆಯ ಒಂದು ಮುಖಕ್ಕೆ ಬಡಿಯುತ್ತೆ, ಹಲಗೆ ವಾಲುತ್ತೆ. ಎರರ್ ಸಿಕ್ಕಿತು. ಆದರೆ ಅಷ್ಟು ಸಣ್ಣ ಹಲಗೆಗೆ ಟನ್‌ಗಟ್ಟಲೆ ತೂಕದ ಬೋಟಿನ ಚುಕ್ಕಾಣಿ ತಿರುಗಿಸೋ ತಾಕತ್ತು ಎಲ್ಲಿಂದ ಬರಬೇಕು? ಆಂಪ್ಲಿಫೈಯರ್ ಬೇಕು. ಬ್ಯಾಟರಿ ಇಲ್ಲ.

ಇಲ್ಲಿರೋದು ನಿಜವಾದ ಜಾಣತನ. ಹಲಗೆ ವಾಲಿದಾಗ, ನೀರಿನಲ್ಲಿ ಇಳಿಬಿಟ್ಟಿರೋ ಹುಟ್ಟಿನಂಥ ಒಂದು ಬ್ಲೇಡನ್ನು ಕೆಲವು ಡಿಗ್ರಿ ಓರೆ ಮಾಡುತ್ತೆ, ಅಷ್ಟೇ. ಅದಕ್ಕೆ ಹೆಚ್ಚು ಬಲ ಬೇಡ. ಬೋಟ್ ಓಡ್ತಾ ಇರೋದರಿಂದ ನೀರು ಆ ಬ್ಲೇಡಿನ ಪಕ್ಕದಲ್ಲಿ ರಭಸವಾಗಿ ಹರೀತಿರುತ್ತೆ. ಓಡೋ ಬಸ್ಸಿನ ಕಿಟಕಿಯಿಂದ ಅಂಗೈ ಹೊರಗೆ ಹಾಕಿ ಸ್ವಲ್ಪ ಓರೆ ಮಾಡಿದ್ರೆ ಕೈ ಮೇಲಕ್ಕೋ ಕೆಳಕ್ಕೋ ಎಳ್ಕೊಂಡು ಹೋಗುತ್ತಲ್ವಾ (ಕಂಡಕ್ಟರ್ ಬೈತಾರೆ, ಮಾಡಬೇಡಿ), ಹಾಗೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಹಾಗಾಗಿ ಬ್ಲೇಡ್ ಗಡಿಯಾರದ ಲೋಲಕದ ಥರ ಒಂದು ಪಕ್ಕಕ್ಕೆ ಜೋರಾಗಿ ತೂಗುತ್ತೆ. ಅದಕ್ಕೆ ಕಟ್ಟಿರೋ ಹಗ್ಗ ಚುಕ್ಕಾಣಿಯನ್ನು ಎಳೆಯುತ್ತೆ, ಬೋಟ್ ಹಳೇ ದಿಕ್ಕಿಗೆ ಬರುತ್ತೆ. ಹಲಗೆ ಮತ್ತೆ ನೆಟ್ಟಗಾಗುತ್ತೆ, ಬ್ಲೇಡ್ ಮಧ್ಯಕ್ಕೆ ಬರುತ್ತೆ.

ಸೆನ್ಸರ್, ಆಂಪ್ಲಿಫೈಯರ್, ಆಕ್ಚುಯೇಟರ್, ನೆಗೆಟಿವ್ ಫೀಡ್‌ಬ್ಯಾಕ್, ಎಲ್ಲಾ ಇದೆ. ಬೋರ್ಡ್ ಮೇಲೆ ಬಾಕ್ಸ್ ಬಾಕ್ಸ್ ಆಗಿ ಬರೆಯೋ ಡಯಾಗ್ರಾಮ್ ಇಲ್ಲಿ ಮರ, ಹಗ್ಗ, ನೀರಲ್ಲಿ ನಿಂತಿದೆ. ಇನ್ನೊಂದು ಸೊಗಸು: ನೀರಿನ ಬಲ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತೆ. ಬೋಟ್ ಎರಡು ಪಟ್ಟು ಜೋರಾಗಿ ಓಡಿದರೆ ಬ್ಲೇಡಿನ ಬಲ ನಾಲ್ಕು ಪಟ್ಟು. ಚುಕ್ಕಾಣಿ ಭಾರವಾಗೋ ಹೊತ್ತಿಗೆ ಸಹಾಯಕ್ಕೂ ಬಲ ಬರುತ್ತೆ.

ಒಂದು ಮಿತಿ ಇದೆ. ವಿಂಡ್‌ವೇನ್‌ಗೆ ಉತ್ತರ ದಕ್ಷಿಣ ಗೊತ್ತಿಲ್ಲ, ಗಾಳಿ ಮಾತ್ರ ಗೊತ್ತು. ಮಲಗಿದ್ದಾಗ ಗಾಳಿ ದಿಕ್ಕು ಬದಲಾದರೆ ಬೋಟೂ ಅದರ ಜೊತೆಗೇ ತಿರುಗುತ್ತೆ. ಎದ್ದು ನೋಡಿದರೆ ಬಂದ ದಾರಿಯಲ್ಲೇ ವಾಪಸ್ ಹೋಗ್ತಿರಬಹುದು!

ಇಪ್ಪತ್ತು ನಿಮಿಷದ ನಿದ್ದೆ

ಸರಿ, ಬೋಟ್ ತಾನೇ ಹೋಗುತ್ತೆ. ಹಾಗಂತ ಎಂಟು ಗಂಟೆ ಮಲಗಬಹುದಾ? ಹಡಗುಗಳು ಓಡಾಡೋ ಕಡೆ ಒಂಟಿ ನಾವಿಕರು ಇಪ್ಪತ್ತು ನಿಮಿಷಕ್ಕೊಮ್ಮೆ ಅಲಾರ್ಮ್ ಇಟ್ಟು ಏಳ್ತಾರೆ. ಯಾಕೆ ಇಪ್ಪತ್ತು? ಲೆಕ್ಕ ಹಾಕೋಣ.

ಕಣ್ಣು ನೀರಿನಿಂದ 2 ಮೀಟರ್ ಎತ್ತರದಲ್ಲಿದ್ದರೆ ದಿಗಂತ ಸುಮಾರು 5 ಕಿಲೋಮೀಟರ್ ದೂರ. ಬರೋ ಹಡಗಿನ ಮೇಲ್ಭಾಗ 25 ಮೀಟರ್ ಎತ್ತರ ಇದ್ದರೆ, ಅದರ ದಿಗಂತ ಸುಮಾರು 18 ಕಿಲೋಮೀಟರ್. ಎರಡನ್ನೂ ಕೂಡಿದರೆ 23 ಕಿಲೋಮೀಟರ್, ಅಂದರೆ 12 ನಾಟಿಕಲ್ ಮೈಲಿ. ಹಡಗು 20 ನಾಟ್, ಬೋಟ್ 5 ನಾಟ್, ಎದುರುಬದುರು ಬಂದರೆ ಗಂಟೆಗೆ 25 ಮೈಲಿ ಹತ್ತಿರ ಆಗ್ತಾರೆ. ದಿಗಂತದಲ್ಲಿ ತಲೆ ಕಂಡ ಹಡಗು ಮೈಮೇಲೆ ಬರೋಕೆ 29 ನಿಮಿಷ ಸಾಕು. ಮಂಜು, ಮಳೆ, ಅಲೆಗಳ ಲೆಕ್ಕ ಹಿಡಿದರೆ ಇಪ್ಪತ್ತೇ ಸೇಫ್. ದಕ್ಷಿಣದ ಸಾಗರಗಳಲ್ಲಿ ಹಡಗು ಕಮ್ಮಿ, ಅಲ್ಲಿ ಸ್ವಲ್ಪ ಉದ್ದ ನಿದ್ದೆ ಸಾಧ್ಯ. ಆದರೆ ಅಲ್ಲಿ ಅಪಾಯ ಬೇರೆ ಥರದ್ದು.

ನಾನೆಲ್ಲಿದ್ದೀನಿ?

ಜಿಪಿಎಸ್ ಇಲ್ಲದೆ ಜಾಗ ತಿಳಿಯೋಕೆ ಎರಡು ವಸ್ತು ಬೇಕು: ಸೂರ್ಯನ ಎತ್ತರದ ಕೋನ ಅಳೆಯೋ ಸೆಕ್ಸ್‌ಟೆಂಟ್, ಮತ್ತು ಸರಿಯಾದ ಗಡಿಯಾರ. ಸೆಪ್ಟೆಂಬರ್ ಮೂರನೇ ವಾರದ ಹೊತ್ತಿಗೆ ಸೂರ್ಯ ಹೆಚ್ಚುಕಮ್ಮಿ ಸಮಭಾಜಕದ ಮೇಲಿರುತ್ತೆ. ಆ ದಿನ ಮಧ್ಯಾಹ್ನ ಉತ್ತರದಲ್ಲಿ ಕಾಣೋ ಸೂರ್ಯನ ಎತ್ತರ 51 ಡಿಗ್ರಿ ಬಂತು ಅಂದುಕೊಳ್ಳಿ. 90ರಲ್ಲಿ 51 ಕಳೆದರೆ 39. ನೀವು 39 ಡಿಗ್ರಿ ದಕ್ಷಿಣದಲ್ಲಿದ್ದೀರಿ.

ಸೂರ್ಯ ನೆತ್ತಿಗೆ ಬಂದ ಆ ಕ್ಷಣದಲ್ಲಿ ಗ್ರೀನಿಚ್ ಗಡಿಯಾರ ಬೆಳಿಗ್ಗೆ 6 ಗಂಟೆ 48 ನಿಮಿಷ ತೋರಿಸ್ತಿದೆ. ವ್ಯತ್ಯಾಸ 5.2 ಗಂಟೆ. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತೆ. ಸಣ್ಣಪುಟ್ಟ ತಿದ್ದುಪಡಿ ಬಿಟ್ಟರೆ, ನೀವು 78 ಡಿಗ್ರಿ ಪೂರ್ವದಲ್ಲಿದ್ದೀರಿ. ಗಡಿಯಾರ ನಾಲ್ಕು ಸೆಕೆಂಡ್ ತಪ್ಪಿದರೆ ಸಮಭಾಜಕದ ಹತ್ತಿರ ಒಂದು ನಾಟಿಕಲ್ ಮೈಲಿ ತಪ್ಪು.

39 ದಕ್ಷಿಣ, 78 ಪೂರ್ವ. ಈ ಜಾಗ ನೆನಪಿರಲಿ.

ರೀಡಿಂಗ್ ಫಡ್ಜ್ ಮಾಡಿದ ಎಂಜಿನಿಯರ್

ಲ್ಯಾಬ್‌ನಲ್ಲಿ ರೀಡಿಂಗ್ ಸರಿ ಬರದಿದ್ದಾಗ ನಾವೇನು ಮಾಡ್ತೀವಿ ಅಂತ ಬಿಡಿಸಿ ಹೇಳಬೇಕಾ? ಫಾರ್ಮುಲಾದಿಂದ ಉತ್ತರ ತೆಗೆದು ಅಲ್ಲಿಂದ ಹಿಂದಕ್ಕೆ ಬಂದು ರೀಡಿಂಗ್ ತುಂಬಿಸ್ತೀವಿ. 1968ರಲ್ಲಿ ಡೊನಾಲ್ಡ್ ಕ್ರೋಹರ್ಸ್ಟ್ ಕೂಡ ಇದನ್ನೇ ಮಾಡಿದರು.

ಅವರು ಎಲೆಕ್ಟ್ರಾನಿಕ್ಸ್ ಎಂಜಿನಿಯರ್. ಬೋಟ್ ಮಗುಚಿದರೆ ತಾನಾಗೇ ನೆಟ್ಟಗಾಗೋ ಒಂದು ವ್ಯವಸ್ಥೆ ಅವರ ಕನಸಾಗಿತ್ತು. ಹೊರಡೋ ದಿನದವರೆಗೂ ಅದು ಮುಗಿಯಲಿಲ್ಲ. ಬೋಟ್ ಸೋರ್ತಿತ್ತು. ಮುಂದೆ ಹೋದರೆ ದಕ್ಷಿಣ ಸಾಗರದಲ್ಲಿ ಸಾವು, ಹಿಂದೆ ಬಂದರೆ ಸಾಲದಲ್ಲಿ ಮನೆ ಹೋಗುತ್ತೆ. ಅವರು ಅಟ್ಲಾಂಟಿಕ್‌ನಲ್ಲೇ ಉಳಿದು, ಭೂಮಿ ಸುತ್ತುತ್ತಿರೋ ಹಾಗೆ ರೇಡಿಯೋದಲ್ಲಿ ಸುಳ್ಳು ಜಾಗಗಳನ್ನು ಕಳಿಸಿದರು. ಸುಳ್ಳಿಗೆ ತಕ್ಕ ಹಾಗೆ ಸೂರ್ಯನ ಕೋನಗಳನ್ನು ಹಿಂದಿನಿಂದ ಲೆಕ್ಕ ಹಾಕಬೇಕು. ಅದು ನಿಜವಾದ ನ್ಯಾವಿಗೇಷನ್‌ಗಿಂತ ಕಷ್ಟ.

ಆ ಸುಳ್ಳು ಅವರೊಬ್ಬರನ್ನೇ ಮುಳುಗಿಸಲಿಲ್ಲ. ಕ್ರೋಹರ್ಸ್ಟ್ ಹಿಂದೆಯೇ ಬರ್ತಿದ್ದಾರೆ ಅಂತ ನಂಬಿ ನೈಜೆಲ್ ಟೆಟ್ಲಿ ತಮ್ಮ ಜಖಂಗೊಂಡ ಬೋಟನ್ನು ಮಿತಿಮೀರಿ ಓಡಿಸಿದರು. ಗುರಿ ಹತ್ತಿರ ಇದ್ದಾಗ ಅದು ಒಡೆದು ಮುಳುಗಿತು (ಟೆಟ್ಲಿ ಬದುಕಿದರು). 1969ರ ಜುಲೈ 10ರಂದು ಕ್ರೋಹರ್ಸ್ಟ್ ಅವರ ಬೋಟ್ ಸಿಕ್ಕಿತು. ಲಾಗ್ ಪುಸ್ತಕಗಳಿದ್ದವು, ಅವರಿರಲಿಲ್ಲ. ಗೆದ್ದ ನಾಕ್ಸ್-ಜಾನ್‌ಸ್ಟನ್ ತಮಗೆ ಬಂದ 5,000 ಪೌಂಡ್ ಬಹುಮಾನವನ್ನು ಕ್ರೋಹರ್ಸ್ಟ್ ಕುಟುಂಬಕ್ಕೆ ಕೊಟ್ಟುಬಿಟ್ಟರು.

2018ರ ಸೆಪ್ಟೆಂಬರ್ 21

ಅಭಿಲಾಷ್ ಟೋಮಿ ಆಗ ನೌಕಾಪಡೆಯ ಪೈಲಟ್ ಆಗಿದ್ದರು. 2012–13ರಲ್ಲೇ 'ಮ್ಹಾದೇಯಿ' ಅನ್ನೋ ಬೋಟಿನಲ್ಲಿ ಒಬ್ಬರೇ, ನಿಲ್ಲದೆ ಭೂಮಿ ಸುತ್ತಿದ ಮೊದಲ ಭಾರತೀಯ. ಆ ಹೆಸರು ನಮಗೂ ಗೊತ್ತು: ಬೆಳಗಾವಿ ಜಿಲ್ಲೆಯ ಕಾಡಲ್ಲಿ ಹುಟ್ಟಿ ಗೋವಾಕ್ಕೆ ಹರಿಯೋ ಮಹದಾಯಿಯದ್ದೇ.

2018ರ ರೇಸ್‌ಗೆ ಗೋವಾದಲ್ಲಿ ಸುಹೈಲಿಯದ್ದೇ ಪಡಿಯಚ್ಚು ಕಟ್ಟಿಸಿದರು, ಹೆಸರು 'ತುರೀಯ'. ಸೆಪ್ಟೆಂಬರ್ 21ರಂದು, ಮೇಲಿನ ಲೆಕ್ಕದಲ್ಲಿ ಬಂದ ಜಾಗದ ಆಸುಪಾಸಿನಲ್ಲೇ, ಬಿರುಗಾಳಿ ಹಿಡಿಯಿತು. ಆ ಅಕ್ಷಾಂಶದಲ್ಲಿ ಅಲೆಗಳನ್ನು ತಡೆಯೋಕೆ ನೆಲ ತುಂಬಾ ಕಮ್ಮಿ. ಗಾಳಿ ಸಾವಿರಾರು ಕಿಲೋಮೀಟರ್ ನೀರನ್ನು ತಳ್ಳುತ್ತಾ ಬರುತ್ತೆ, ಅಲೆ ಬೆಳೀತಾನೇ ಹೋಗುತ್ತೆ.

ಇಂಥ ಬೋಟಿನ ತಳದಲ್ಲಿ ಭಾರ ಇರುತ್ತೆ, ತಂಜಾವೂರು ಗೊಂಬೆ ಥರ. ಅಡ್ಡ ಬಿದ್ದರೂ ಏಳುತ್ತೆ. ಬೋಟೇನೋ ಎದ್ದಿತು, ಹಾಯಿಕಂಬ ಮುರಿದಿತ್ತು, ಟೋಮಿ ಅವರ ಬೆನ್ನುಮೂಳೆಗೆ ತೀವ್ರ ಪೆಟ್ಟಾಗಿತ್ತು. ಎದ್ದು ನಡೆಯೋಕೂ ಆಗ್ತಿಲ್ಲ ಅಂತ ಸಂದೇಶ ಕಳಿಸಿದರು. ಪರ್ತ್‌ನಿಂದ ಸುಮಾರು 1,900 ನಾಟಿಕಲ್ ಮೈಲಿ ದೂರ. ಕಂಬ ಹೋದ ಬೋಟ್ ಇನ್ನೂ ಜೋರಾಗಿ ಹೊಯ್ದಾಡುತ್ತೆ, ಯಾಕಂದ್ರೆ ಆ ಎತ್ತರದ ಕಂಬದ ಜಡತ್ವವೇ ಹೊಯ್ದಾಟವನ್ನು ನಿಧಾನ ಮಾಡ್ತಿತ್ತು. ಅಂಥ ಬೋಟಿನಲ್ಲಿ ಮುರಿದ ಬೆನ್ನಿನ ಜೊತೆ ಮೂರು ದಿನ.

ನಮ್ಮ ನೌಕಾಪಡೆಯ ವಿಮಾನ ಬೋಟನ್ನು ಪತ್ತೆ ಮಾಡಿತು. ಅದೇ ಬಿರುಗಾಳಿಯಲ್ಲಿ ಕಂಬ ಕಳಕೊಂಡಿದ್ದ ಐರ್ಲೆಂಡಿನ ಗ್ರೆಗರ್ ಮಗಕಿನ್, ತುಂಡು ಕಂಬಕ್ಕೆ ಹಾಯಿ ಕಟ್ಟಿ ಟೋಮಿ ಇದ್ದ ಕಡೆಗೇ ಹೊರಟಿದ್ದರು. ಕೊನೆಗೆ 24ರಂದು ಫ್ರಾನ್ಸಿನ 'ಒಸಿರಿಸ್' ಹಡಗಿನವರು ಟೋಮಿ ಅವರನ್ನು ಸ್ಟ್ರೆಚರ್‌ನಲ್ಲಿ ಎತ್ತಿಕೊಂಡರು. ಬೆನ್ನಿಗೆ ಟೈಟಾನಿಯಂ ಸರಳು ಹಾಕಬೇಕಾಯಿತು.

ನಾಲ್ಕು ವರ್ಷ ಬಿಟ್ಟು, 2022ರ ಸೆಪ್ಟೆಂಬರ್ 4ರಂದು, ಅವರು ಅದೇ ರೇಸ್‌ಗೆ ಮತ್ತೆ ಹೊರಟರು. ಹದಿನಾರು ಜನ ಹೊರಟಿದ್ದರು. ದಾರಿಯಲ್ಲಿ ವಿಂಡ್‌ವೇನ್ ಕೈಕೊಟ್ಟಿತು, ಬಿಡಿಭಾಗ ಖಾಲಿ. ಬೋಟಿನ ಟಾಯ್ಲೆಟ್ ಬಾಗಿಲನ್ನೇ ಕತ್ತರಿಸಿ ರಿಪೇರಿ ಮಾಡಿಕೊಂಡರು! ಮೊದಲು ಗುರಿ ಮುಟ್ಟಿದ್ದು ದಕ್ಷಿಣ ಆಫ್ರಿಕಾದ ಕರ್ಸ್ಟನ್ ನಾಯ್‌ಶೇಫರ್, ಇಂಥ ಒಂಟಿ ಭೂಪ್ರದಕ್ಷಿಣೆಯ ರೇಸ್ ಗೆದ್ದ ಮೊದಲ ಮಹಿಳೆ. ಎರಡು ದಿನ ಬಿಟ್ಟು, 2023ರ ಏಪ್ರಿಲ್ 29ರಂದು, ಟೋಮಿ ಎರಡನೆಯವರಾಗಿ ಬಂದರು.

ರೂಮ್‌ಮೇಟ್‌ಗೆ ಇದೆಲ್ಲ ಹೇಳಿದೆ. ಎಲ್ಲೂ ಪಾರ್ಕ್ ಮಾಡಲ್ಲ ಕಣೋ, ರಾತ್ರಿ ಚುಕ್ಕಾಣಿ ಹಿಡಿಯೋದು ಒಂದು ಹಲಗೆ, ಒಂದು ಬ್ಲೇಡ್, ಎರಡು ಹಗ್ಗ ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅದು ಮುರಿದ್ರೆ?" ಅಂದ.

ಮುರಿದ್ರೆ, ಬಾಗಿಲು ಕತ್ತರಿಸೋಕೆ ಒಬ್ಬರು ಎಚ್ಚರ ಇರಬೇಕು.