ರೆಸ್ಯೂಮೆಗೆ ಸಾವಿರಾರು ರೂಪಾಯಿ ಯಾಕೆ?

ಡೊಂಬಿವಲಿ ಸ್ಟೇಷನ್‌ನಲ್ಲಿ ಇಂಡಿಕೇಟರ್ ಎಷ್ಟು ಹೊತ್ತು ನೋಡ್ತೀರಿ?
ಸ್ಲೋನಾ, ಫಾಸ್ಟಾ, ಎಷ್ಟು ಗಂಟೆಗೆ?
ಅಷ್ಟೇ. ಓಡ್ತೀರಿ.

ಕಂಪನಿಯವರು ನಿಮ್ಮ ರೆಸ್ಯೂಮೆ ನೋಡೋದೂ ಹಾಗೇ.
ಯಾವ ಕೆಲಸ ಬೇಕು, ಏನು ಬರುತ್ತೆ, ಎಲ್ಲಿ ಮಾಡಿದ್ರಿ?
ಮೊದಲ ಅರ್ಧ ಪುಟದಲ್ಲೇ ಕಾಣಬೇಕು.
ಅಪ್ಪನ ಹೆಸರು, ಜಾತಿ, ಧರ್ಮ?
ಬೇಡವೇ ಬೇಡ!

ಇದನ್ನ ಬರೆಸೋಕೆ ಸಾವಿರಾರು ರೂಪಾಯಿ ಯಾಕೆ?
ಕೇಂದ್ರ ಕಾರ್ಮಿಕ ಸಚಿವಾಲಯದ ಎನ್‌ಸಿಎಸ್ ಉದ್ಯೋಗ ಪೋರ್ಟಲ್ ಇದೆ, 2015ರಿಂದ.
ನೋಂದಣಿ ಪುಕ್ಕಟೆ.
ರೆಸ್ಯೂಮೆನೂ ಅಲ್ಲೇ ಮಾಡ್ಕೊಳ್ಳಿ.
ಮಹಾರಾಷ್ಟ್ರ ಸರ್ಕಾರದ ಮಹಾಸ್ವಯಂ ಪೋರ್ಟಲ್‌ನಲ್ಲೂ ಹೆಸರು ಹಾಕಿ.

ಬರೆದಾದ್ಮೇಲೆ ಇನ್ನೊಬ್ಬರಿಗೆ ತೋರಿಸಿ.
ಕನ್ನಡ ಸಂಘದಲ್ಲಿ ಕೇಳಿ.
ಐರೋಲಿ, ಮಹಾಪೆ ಆಫೀಸಿಗೆ ಹೋಗೋ ಅಕ್ಕನೋ ಅಣ್ಣನೋ ಸಿಕ್ಕೇ ಸಿಗ್ತಾರೆ.
ನೀವು ಒಂದು ಚಹಾ ಕುಡಿಸಿದ್ರೆ ಸಾಕು,
ತಪ್ಪು ಹುಡುಕಿ ಕೊಡ್ತಾರೆ.

ಹಾಂ, "ಕೆಲಸ ಗ್ಯಾರಂಟಿ, ಮೊದಲು ದುಡ್ಡು ಕಳ್ಸಿ" ಅಂದ್ರೆ?
ಫೋನ್ ಇಟ್ಬಿಡಿ.