ನೀಲಕಂಠ: ಹೆಸರು ಶಿವನದು, ಪಾಡು ಹಕ್ಕಿಯದು

ಆಶ್ವೀಜ ಶುದ್ಧ ದಶಮಿಯ ಸಂಜೆ ಬನ್ನಿ ಮುಡಿದು ಮರಳುವಾಗ ನಮ್ಮ ರಾಯಚೂರು ಸೀಮೆಯ ಹಿರಿಯರು ಹೊಲದ ಬದುವಿನ ಕಡೆಗೊಮ್ಮೆ, ಒಣಗಿದ ಮರದ ತುದಿಯ ಕಡೆಗೊಮ್ಮೆ ಕಣ್ಣು ಹಾಯಿಸುವುದುಂಟು. ಅವರು ಅರಸುವುದು ನೀಲಕಂಠ ಪಕ್ಷಿಯನ್ನು. ರಾವಣನ ಮೇಲೆ ದಂಡೆತ್ತಿ ಹೋಗುವ ಮುನ್ನ ಶ್ರೀರಾಮನು ಈ ಹಕ್ಕಿಯನ್ನು ಕಂಡನೆಂದೂ, ಅಂದು ಅದರ ದರ್ಶನವಾದವರಿಗೆ ವರ್ಷವಿಡೀ ಜಯವೆಂದೂ ಜನರ ನಂಬಿಕೆ. ತೆಲಂಗಾಣದಲ್ಲಿ ಇದೇ ಹಕ್ಕಿಗೆ ಪಾಲಪಿಟ್ಟ ಎಂಬ ಹೆಸರಿದ್ದು, ಅದನ್ನು ನೋಡದೆ ಅಲ್ಲಿಯವರಿಗೆ ದಸರೆ ಮುಗಿಯುವುದೇ ಇಲ್ಲ. ನಮ್ಮ ಜಿಲ್ಲೆಯು 1956ರವರೆಗೆ ಹೈದರಾಬಾದು ರಾಜ್ಯದಲ್ಲಿ ಇದ್ದುದರಿಂದ ಹಬ್ಬದ ರೂಢಿಗಳು ಗಡಿಯ ಈಚೆಗೂ ಆಚೆಗೂ ಬೆರೆತುಕೊಂಡಿರುವುದು ಸಹಜವೇ ಆಗಿದೆ.

ಒಂದು ಪ್ರಾಣಿಯನ್ನೋ ಪಕ್ಷಿಯನ್ನೋ ಜನಸಮೂಹವು ತನ್ನದೆಂದು ಕರೆದುಕೊಳ್ಳುವುದು ಅತ್ಯಂತ ಪ್ರಾಚೀನವಾದ ಪದ್ಧತಿ. ವಿದ್ವಾಂಸರು ಇದಕ್ಕೆ ಬಳಸುವ ಟೋಟೆಮ್ ಎಂಬ ಶಬ್ದ ಉತ್ತರ ಅಮೆರಿಕದ ಒಜಿಬ್ವೆ ಜನರ ನುಡಿಯಿಂದ ಬಂದುದು. ನಮ್ಮಲ್ಲಿ ಅದು ಬಯಲುಸೀಮೆಯ ಬೆಡಗು, ಕರಾವಳಿಯ ಬಳಿ, ಮರಾಠರಲ್ಲಿ ದೇವಕ. ಮೋರೆ ಮನೆತನದವರ ದೇವಕವು ನವಿಲುಗರಿ ಎಂಬುದು ಪ್ರಸಿದ್ಧವಾಗಿದೆ. ಎಲ್ಲ ಕಡೆಯೂ ಇದರ ಜೊತೆಗೆ ಬರುವ ಕಟ್ಟಳೆ ಸಾಮಾನ್ಯವಾಗಿ ಒಂದೇ: ಕುಲಚಿಹ್ನೆಯಾದ ಜೀವಿಯನ್ನು ಕೊಲ್ಲಬಾರದು, ತಿನ್ನಬಾರದು, ನೋಯಿಸಬಾರದು. ಬೆಡಗು ಎಂಬ ಮಾತಿಗೆ ನಮ್ಮ ಸಾಹಿತ್ಯದಲ್ಲಿ ಇನ್ನೊಂದು ಅರ್ಥವಿರುವುದೂ ಓದುಗರಿಗೆ ವಿದಿತವೇ ಇದೆ. ಬೆಡಗಿನ ವಚನಗಳಲ್ಲಿ ಹಕ್ಕಿ ಬಂದಿತೆಂದರೆ ಅದು ಬರಿಯ ಹಕ್ಕಿಯಲ್ಲ; ಪ್ರಾಣವೋ ಜೀವವೋ ಅರಿವೋ ಆ ರೂಪದಲ್ಲಿ ಬಂದಿರುತ್ತದೆ. ಕುಲವನ್ನು ಹೇಳುವ ಮಾತೇ ಕುಲವನ್ನು ಮೀರಿದ ಅನುಭಾವದ ಮಾತಿಗೂ ಹೆಸರಾದುದು ನಮಗಂತೂ ಸೋಜಿಗವೆನಿಸುತ್ತದೆ.

ಹಾಗಾದರೆ ನೀಲಕಂಠವು ಯಾರ ಕುಲದ ಹಕ್ಕಿ? ಹೆಸರು ಹಾಲಾಹಲವನ್ನು ಕಂಠದಲ್ಲಿ ತಡೆದು ಲೋಕವನ್ನು ಉಳಿಸಿದ ಶಿವನದು. ಆದರೆ ಹಕ್ಕಿಯನ್ನು ಹತ್ತಿರದಿಂದ ನೋಡಿದವರಿಗೆ ಒಂದು ಸಂದೇಹ ಬಾರದಿರದು. ಅದರ ಕಂಠ ನೀಲವಲ್ಲ! ಕೊರಳು, ಎದೆಗಳೆರಡೂ ಕಂದು. ಅದರಲ್ಲಿ ನಸುನೇರಳೆಯ ಛಾಯೆ, ಬಿಳಿಯ ಗೀರುಗಳು. ಕುಳಿತಾಗ ಮಬ್ಬುಮಬ್ಬಾಗಿ ಕಾಣುವ ಈ ಹಕ್ಕಿ ರೆಕ್ಕೆ ಬಿಚ್ಚಿದೊಡನೆ ತಿಳಿನೀಲಿ ಕಡುನೀಲಿಗಳ ಪಟ್ಟೆಗಳು ಬೆಳಗುತ್ತವೆ. ಹೀಗಿರುವಾಗ ನೀಲಕಂಠವೆಂಬ ಹೆಸರು ಬಂದುದೆಲ್ಲಿಂದ?

ಮಠದ ಪಾಠಶಾಲೆಯಲ್ಲಿ ನಮಗೆ ಎಳವೆಯಲ್ಲೇ ಬಾಯಿಪಾಠವಾದ ಅಮರಕೋಶ ಇದಕ್ಕೊಂದು ಸುಳಿವು ಕೊಡುತ್ತದೆ. ಅಮರಸಿಂಹನು ನೀಲಕಂಠವೆಂಬ ಶಬ್ದವನ್ನು ಹೇಳಿರುವುದು ನವಿಲಿನ ಪರ್ಯಾಯಗಳಲ್ಲಿ. ಅದರ ಪಕ್ಕದಲ್ಲೇ ಹಾವನ್ನು ತಿನ್ನುವುದು ಎಂಬ ಅರ್ಥದ ಭುಜಂಗಭುಕ್ ಎಂಬ ಹೆಸರೂ ಇದೆ. ನವಿಲಿನ ಕೊರಳು ನಿಜಕ್ಕೂ ನೀಲವೇ. ವಿಷವನ್ನು ಅರಗಿಸಿಕೊಳ್ಳುವ ಹಕ್ಕಿಗೆ ವಿಷಕಂಠನ ಹೆಸರು ಒಪ್ಪುತ್ತದೆ. ನಮ್ಮ ದಸರೆಯ ಹಕ್ಕಿಗೆ ಅಲ್ಲಿರುವ ಹೆಸರುಗಳೇ ಬೇರೆ: ಚಾಷ, ಕಿಕೀದಿವಿ. ಎರಡನೆಯದು ಅದರ ಕೂಗನ್ನೇ ಅನುಕರಿಸಿ ಹುಟ್ಟಿದಂತಿದೆ. ಆ ಕೂಗು ಇಂಪಾದುದೇನಲ್ಲ, ಕರ್ಕಶವಾದುದು. ನವಿಲಿನ ಹೆಸರು ಕಾಲಾನುಕ್ರಮದಲ್ಲಿ ಚಾಷಕ್ಕೆ ಹೊಂದಿಕೊಂಡಿತೆಂದೇ ನಮ್ಮ ತಿಳಿವಳಿಕೆ.

ಹೊಂದಿಕೊಳ್ಳಲು ಕಾರಣವೂ ಇತ್ತು. ಋಗ್ವೇದದ ಹತ್ತನೆಯ ಮಂಡಲದ ಓಷಧಿ ಸೂಕ್ತದಲ್ಲಿ ಋಷಿಯು ಕ್ಷಯರೋಗವನ್ನು ಸಂಬೋಧಿಸಿ, ಚಾಷದೊಡನೆ, ಕಿಕೀದಿವಿಯೊಡನೆ ಹಾರಿಹೋಗೆಂದು ಹೇಳುತ್ತಾನೆ. ಮನುಷ್ಯನ ದೇಹದ ಕೇಡನ್ನು ಹೊತ್ತು ದೂರ ಒಯ್ಯುವ ಹಕ್ಕಿ ಎಂಬ ಭಾವನೆ ಅಷ್ಟು ಹಳೆಯದು. ಲೋಕದ ವಿಷವನ್ನು ತಾನು ಧರಿಸಿದ ಶಿವನಿಗೂ ಈ ಹಕ್ಕಿಗೂ ನಂಟು ಬೆಳೆಯಲು ಇನ್ನೇನು ಬೇಕು? ಅದರ ಆಹಾರವೂ ಆ ನಂಟಿಗೆ ಒಪ್ಪುವಂಥದು. ಮಿಡತೆ, ದುಂಬಿಗಳ ಜೊತೆಗೆ ಚೇಳನ್ನೂ ಸಣ್ಣ ಹಾವನ್ನೂ ಅದು ತಿನ್ನುತ್ತದೆ. ಹೊಲ ಉಳುವಾಗ ಮಣ್ಣಿನಿಂದೇಳುವ ಹುಳುಗಳಿಗಾಗಿ ಸಮೀಪದಲ್ಲೇ ಕಾದು ಕುಳಿತಿರುವ ಈ ಹಕ್ಕಿ ಹತ್ತಿ ತೊಗರಿ ಬೆಳೆಯುವ ನಮ್ಮ ರೈತನಿಗೆ ಸಂಬಳವಿಲ್ಲದ ಆಳು.

ಅದರ ನೀಲಿಯ ವಿಚಾರವೂ ಸ್ವಾರಸ್ಯಕರವಾಗಿದೆ. ಸರ್ ಸಿ. ವಿ. ರಾಮನ್ ಅವರು ಬೆಂಗಳೂರಿನಲ್ಲಿದ್ದಾಗ, 1934ರಲ್ಲಿ, ಪಕ್ಷಿಗಳ ಗರಿಗಳ ಬಣ್ಣದ ಮೂಲವನ್ನು ಕುರಿತು ಬರೆದ ಪ್ರಬಂಧಕ್ಕೆ ಆರಿಸಿಕೊಂಡದ್ದು ಇದೇ ಹಕ್ಕಿಯ ಗರಿಗಳನ್ನು. ಗರಿಯಲ್ಲಿ ನೀಲಿಯ ಬಣ್ಣವೆಂಬ ದ್ರವ್ಯವೇ ಇಲ್ಲ. ಅದರ ಅತಿಸೂಕ್ಷ್ಮವಾದ ರಚನೆಯ ಮೇಲೆ ಬೆಳಕು ಬಿದ್ದು ಚದುರಿದಾಗ ನೀಲಿ ತೋರುತ್ತದೆ. ಗರಿಯನ್ನು ನುಣ್ಣಗೆ ಅರೆದರೆ ಆ ನೀಲಿ ಹೋಗಿಬಿಡುತ್ತದೆ. ಇದೇ ಗರಿಯನ್ನು ಕತ್ತರಿಸಿ ಹುಲ್ಲಿನಲ್ಲಿ ಬೆರೆಸಿ ತಿನ್ನಿಸಿದರೆ ಹಸು ಹೆಚ್ಚು ಹಾಲು ಕೊಡುವುದೆಂದು ತೆಲುಗು ನಾಡಿನಲ್ಲಿ ನಂಬಿದ್ದರು. ಹಾಲಿನ ಹಕ್ಕಿ ಎಂಬ ಅರ್ಥದ ಪಾಲಪಿಟ್ಟ ಎಂಬ ಹೆಸರಿಗೆ ಅದೇ ಮೂಲವೆನ್ನುತ್ತಾರೆ. ಹಕ್ಕಿಯನ್ನು ಕೊಂದು ಹಾಲು ಕರೆಯುವ ಈ ಲೆಕ್ಕ ಯಾವ ಹಸುವಿಗೂ ತಿಳಿದಿರಲಾರದು.

ಮಾನ್ವಿ ಭಾಗದ ಚೀಕಲಪರ್ವಿಯು ಹರಿದಾಸರ ನೆಲೆ. ದಾಸಪ್ಪನೆಂಬ ಬಡಹುಡುಗನು ವಿಜಯದಾಸರಾಗಿ (1682–1755) ನಾಡಿಗೆಲ್ಲ ಬೆಳಕಾದುದು ತುಂಗಭದ್ರೆಯ ತೀರದ ಈ ಗ್ರಾಮದಿಂದ. ಅವರ ಪರಂಪರೆಯಲ್ಲಿ ಪೂಜ್ಯವಾದ ಪಕ್ಷಿ ಹರಿಯ ವಾಹನನಾದ ಗರುಡ; ವಿವೇಕಕ್ಕೆ ಸಂಕೇತ ಹಂಸ. ಆದರೂ ಹರಿದಾಸರ ಆ ಊರಿನ ಬಯಲಲ್ಲಿ ಹರನ ಹೆಸರಿನ ಹಕ್ಕಿ ಹಾರಾಡುವುದಕ್ಕೆ ಯಾರ ಅಡ್ಡಿಯೂ ಇಲ್ಲ. ಅದಕ್ಕೆ ಕನ್ನಡದಲ್ಲಿ ದಾಸಮಗರೆ ಎಂಬ ಇನ್ನೊಂದು ಹೆಸರೂ ಉಂಟು! ಶರಣರೆಂದರೆ ದಾಸರನ್ನು ದೂರವಿಡಬೇಕು, ದಾಸರೆಂದರೆ ಶರಣರನ್ನು ಮರೆಯಬೇಕು ಎನ್ನುವವರು ಈ ಎರಡು ಹೆಸರಿನ ಒಂದು ಹಕ್ಕಿಯನ್ನು ನೋಡಬೇಕು. ವಿಜಯದಶಮಿಯಂದು ಹಕ್ಕಿಯ ದರ್ಶನ. ಸರಿಯಾಗಿ ಒಂದು ಚಾಂದ್ರಮಾಸ ಕಳೆದು ಕಾರ್ತಿಕ ಶುದ್ಧ ದಶಮಿಯಂದು ವಿಜಯದಾಸರ ಆರಾಧನೆ.

ಕರ್ನಾಟಕದ ರಾಜ್ಯಲಾಂಛನದಲ್ಲಿರುವುದು ಗಂಡಭೇರುಂಡ. ಅಲ್ಲಮಪ್ರಭುಗಳ ಜನ್ಮಸ್ಥಳವೆನ್ನುವ ಬಳ್ಳಿಗಾವಿಯಲ್ಲಿ 1047ರಲ್ಲಿ ನಿಲ್ಲಿಸಿದ ಭೇರುಂಡಸ್ತಂಭವಿದೆ. ಅದು ಕಲ್ಪನೆಯ ಪಕ್ಷಿಯಾದ್ದರಿಂದ ಅದಕ್ಕೆ ಯಾರ ಬಲೆಯ ಭಯವೂ ಇಲ್ಲ. ನಮ್ಮ ರಾಜ್ಯಪಕ್ಷಿಯೆಂದು ಮಾನ್ಯವಾಗಿರುವ ನೀಲಕಂಠಕ್ಕೆ ಆ ಅದೃಷ್ಟವಿಲ್ಲ. ತೆಲಂಗಾಣವೂ 2014ರಲ್ಲಿ ಇದನ್ನೇ ತನ್ನ ರಾಜ್ಯಪಕ್ಷಿಯನ್ನಾಗಿ ಆರಿಸಿಕೊಂಡಿತು. ಒಡಿಶಾದ ರಾಜ್ಯಪಕ್ಷಿಯೂ ಇದೇ.

ಇಷ್ಟು ಮಾನವಿದ್ದ ಮೇಲೂ ನಡೆಯುತ್ತಿರುವುದೇನು? ದಸರೆ ಸಮೀಪಿಸಿದಂತೆ ಈ ಹಕ್ಕಿಗಳನ್ನು ಬಲೆ ಹಾಕಿ, ಅಂಟು ಹಚ್ಚಿ ಹಿಡಿಯುವವರಿದ್ದಾರೆ. ಕಾಲು ಕಟ್ಟಿ, ಕೆಲವೊಮ್ಮೆ ರೆಕ್ಕೆಗಳನ್ನು ಕತ್ತರಿಸಿ ಪಂಜರದಲ್ಲಿಟ್ಟು, ಪೇಟೆಯಲ್ಲಿ ಮನೆಮನೆಗೆ ಒಯ್ದು ದರ್ಶನ ಮಾಡಿಸಿ ಕಾಣಿಕೆ ಬೇಡುತ್ತಾರೆ. ಪುಣ್ಯಕ್ಕೆಂದು ಹಣ ಕೊಟ್ಟು ಬಿಡಿಸಿದರೂ ಅಂಟು ಹತ್ತಿದ ರೆಕ್ಕೆಯ ಹಕ್ಕಿ ಹಾರಲಾರದೆ ಹಸಿವಿನಿಂದಲೋ ಬೆಕ್ಕಿನ ಬಾಯಿಂದಲೋ ಸಾಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ಇದು ಅಪರಾಧ. ಹಿಡಿಯುವವನು ಬಡವನೇ ಇರಬಹುದು. ಆದರೆ ಕಾಣಿಕೆ ಕೊಡುವ ಕೈ ಇಲ್ಲದಿದ್ದರೆ ಅವನು ಬಲೆ ಬೀಸುತ್ತಿರಲಿಲ್ಲ. ಕುಲಚಿಹ್ನೆಯನ್ನು ನೋಯಿಸದ ಕಾಡಿನ ಜನರಿಗಿದ್ದ ಕಟ್ಟಳೆ ಪಟ್ಟಣದ ಭಕ್ತರಿಗೆ ಇಲ್ಲದೆ ಹೋಯಿತೇ? ಇಷ್ಟಲಿಂಗವನ್ನು ದಿನವೂ ಕರಸ್ಥಲದಲ್ಲಿ ಕಾಣುವ ಮನೆಯವರಿಗೆ ಸೆರೆಸಿಕ್ಕ ಹಕ್ಕಿಯಿಂದ ದೊರೆಯಬೇಕಾದ ಶುಭವಾದರೂ ಯಾವುದು? ಶಕುನಗಳ ಹಂಗನ್ನು ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ಹರಿದೊಗೆದರು. ಹಿರಿಯರು ಬದುವಿನ ಮೇಲೆ ಕಣ್ಣು ಹಾಯಿಸುವ ರೂಢಿಯಿಂದ ಹಕ್ಕಿಗೆ ಕೇಡಿಲ್ಲವಾದ್ದರಿಂದ ಅದಕ್ಕೆ ನಮ್ಮ ಆಕ್ಷೇಪಣೆಯಿಲ್ಲ. ಪಂಜರಕ್ಕೆ ಕೈಮುಗಿಯುವುದು ಮಾತ್ರ ಸಲ್ಲದು.

ಕೇಡು ಬಲೆಯೊಂದರಿಂದಲೇ ಅಲ್ಲ. ದೇಶದ ಪಕ್ಷಿಗಳ ಸ್ಥಿತಿಗತಿಯನ್ನು ಕುರಿತು 2023ರಲ್ಲಿ ಪ್ರಕಟವಾದ ವರದಿಯು, ಈಚಿನ ವರ್ಷಗಳಲ್ಲಿ ಶೇಕಡಾ 30ರಷ್ಟು ಇಳಿದ ಹಕ್ಕಿಗಳ ಸಾಲಿನಲ್ಲಿ ನೀಲಕಂಠವನ್ನೂ ಸೇರಿಸಿದೆ. ಗೂಡಿಗೆ ಅದು ಆಶ್ರಯಿಸುವುದು ಹಳೆಯ ಮರಗಳ ಪೊಟರೆಯನ್ನು. ಬದುವಿನ ಮುದಿಮರಗಳನ್ನು ಕಡಿದರೆ ಆ ಮನೆಯೇ ಇಲ್ಲವಾಗುತ್ತದೆ. ಕೀಟನಾಶಕದಿಂದ ಹುಳುಗಳು ಸತ್ತರೆ ಊಟವೂ ಹೋಯಿತು.

ದಸರೆಗೆ ಹಕ್ಕಿಯನ್ನು ಕಾಣಬೇಕೆನ್ನುವ ಮಕ್ಕಳಿದ್ದರೆ ತಂದೆತಾಯಂದಿರು ಬೆಳಗಿನ ಬಿಸಿಲು ಏರುವ ಮುನ್ನ ಅವರನ್ನು ಹೊಲದ ಹಾದಿಗೆ ಕರೆದೊಯ್ಯಲಿ. ಮಳೆಗಾಲ ಮುಗಿದ ಆ ದಿನಗಳಲ್ಲಿ ಅದು ವಿದ್ಯುತ್ ತಂತಿಯ ಮೇಲೆ ಒಂಟಿಯಾಗಿ, ಕತ್ತು ತಗ್ಗಿಸಿ, ನೆಲವನ್ನೇ ನೋಡುತ್ತ ಕುಳಿತಿರುತ್ತದೆ. ಕುಳಿತಾಗ ಗುರುತು ಸಿಗದಿದ್ದರೆ ತುಸು ಕಾಯಬೇಕು. ಮಿಡತೆಯೊಂದನ್ನು ಕಂಡು ಅದು ಕೆಳಗೆರಗಿದಾಗ ಮಕ್ಕಳೇ ಮೊದಲು ಗುರುತಿಸುವರು.