ವಸಂತದ ಚಿತ್ರವೂ ಬಾನಂಚೂ

ಫಾಲ್ಗುಣದ ಕೊನೆಗೆ ಮುತ್ತುಗ ಕೆಂಡ ಕಾರುತ್ತದೆ. ಚೈತ್ರಕ್ಕೆ ಹೊಂಗೆ ಎಳೆಹಸಿರು ಹೊದೆಯುತ್ತದೆ. ಕ್ಯಾಮೆರಾ ಉಳ್ಳವರು ಆಗ ಮನೆಯಲ್ಲಿ ನಿಲ್ಲುವರೆ? ಕೆರೆಯ ಕಡೆ ಹೊರಡುತ್ತಾರೆ. ಮನೆಗೆ ಬಂದು ನೋಡಿದರೆ ಕೆರೆ ಓರೆಯಾಗಿ, ನೀರೆಲ್ಲ ಒಂದು ಮೂಲೆಗೆ ಚೆಲ್ಲುವಂತಿರುತ್ತದೆ.

ಅಲ್ಲಿ ನಿಂತಾಗ ಇದು ಕಾಣಲಿಲ್ಲವೇಕೆ? ನಮ್ಮ ಒಳಗಿವಿಯು ಕೆಳಗು ಯಾವುದೆಂದು ಮನಸ್ಸಿಗೆ ತಿಳಿಸುತ್ತಿರುತ್ತದೆ. ತಲೆ ತುಸು ವಾಲಿದರೂ ಮನಸ್ಸು ನೋಟವನ್ನು ನೆಟ್ಟಗೆ ಮಾಡಿಕೊಳ್ಳುತ್ತದೆ. ಚಿತ್ರಕ್ಕೆ ಆ ಕಿವಿಯಿಲ್ಲ; ಅದಕ್ಕಿರುವುದು ನಾಲ್ಕು ಅಂಚು ಮಾತ್ರ. 30 ಸೆಂಟಿಮೀಟರು ಅಗಲದ ಚಿತ್ರದಲ್ಲಿ ಕೇವಲ 2 ಡಿಗ್ರಿ ಓರೆಯಾದರೂ ಒಂದು ತುದಿ ಇನ್ನೊಂದಕ್ಕಿಂತ ಒಂದು ಸೆಂಟಿಮೀಟರು ಮೇಲೇರುತ್ತದೆ.

ದಿಕ್ಕಿನ ಅಂತವೇ ದಿಗಂತ. (ಸಂಧಿ ಬಿಡಿಸುವುದು ನನ್ನ ಹಳೆಯ ಚಾಳಿ, ಮನ್ನಿಸಬೇಕು.) ಮಲ್ಪೆಯ ಕಡಲತೀರದಲ್ಲಿ ನಿಂತವರಿಗೆ ಅದು ಸುಮಾರು ನಾಲ್ಕೂವರೆ ಕಿಲೋಮೀಟರು ದೂರದಲ್ಲಿ ನಿಜವಾಗಿಯೂ ಕಾಣುತ್ತದೆ. ಆ ಗೆರೆಯನ್ನು ಚೌಕಟ್ಟಿಗೆ ಸಮನಾಗಿ ಹಿಡಿದರೆ ಸಾಕು. ಆದರೆ ಮೈಸೂರಿನ ಕುಕ್ಕರಹಳ್ಳಿ ಕೆರೆಯಂಥ ಕಡೆ ನಮಗೆ ಕಾಣುವುದು ದಿಗಂತವಲ್ಲ, ಎದುರು ದಡ. ಆ ದಡ ಎಡಕ್ಕೆ ಹತ್ತಿರ, ಬಲಕ್ಕೆ ದೂರ ಇದ್ದರೆ, ಕ್ಯಾಮೆರಾವನ್ನು ಎಷ್ಟೇ ಸಮವಾಗಿ ಹಿಡಿದರೂ ನೀರಂಚು ಬಲಕ್ಕೆ ಏರಿದಂತೆಯೇ ಬೀಳುತ್ತದೆ. ಅದನ್ನು ನೆಟ್ಟಗೆ ಮಾಡಹೋದರೆ ಮರಗಳು ವಾಲುತ್ತವೆ!

ಹಾಗಾದರೆ ಆಧಾರ ಯಾವುದು? ನೀರೇ. ದಡದ ಮರದ ತುದಿಯೂ ನೀರಿನಲ್ಲಿ ಕಾಣುವ ಅದರ ಬಿಂಬದ ತುದಿಯೂ ಗಾರೆಯವನ ತೂಗುಗುಂಡಿನ ದಾರದಂತೆ ಒಂದೇ ನೇರದಲ್ಲಿರುತ್ತವೆ. ಮರ ಬಾಗಿ ಬೆಳೆದಿದ್ದರೂ ಈ ಮಾತು ತಪ್ಪದು. ಕ್ಯಾಮೆರಾವನ್ನು ಮೇಲಕ್ಕಾಗಲಿ ಕೆಳಕ್ಕಾಗಲಿ ಬಾಗಿಸದೆ, ಚಿತ್ರದ ನಡುವಿನ ಒಂದು ಮರವನ್ನು ಆರಿಸಿಕೊಂಡು, ಈ ಎರಡು ತುದಿಗಳನ್ನು ಚೌಕಟ್ಟಿನ ಪಕ್ಕದಂಚಿಗೆ ಸಮಾನಾಂತರವಾಗಿ ನಿಲ್ಲಿಸಿ. ಫೋನಿನ ಕ್ಯಾಮೆರಾದಲ್ಲಿ ಅಡ್ಡ-ಉದ್ದ ಗೆರೆಗಳನ್ನು ತೋರಿಸಿಕೊಳ್ಳಬಹುದು. ಕೆಲಸ ಇನ್ನೂ ಸುಲಭ.

ಆಮೇಲೆ ತಿದ್ದಿದರಾಯಿತು ಎನ್ನುವಿರಾ? ಚಿತ್ರವನ್ನು ತಿರುಗಿಸಿದಾಗ ಮೂಲೆಗಳನ್ನು ಕತ್ತರಿಸಲೇಬೇಕಾಗುತ್ತದೆ. ನಮ್ಮ ತಾಯಿಯವರು ಕೆರೆಯ ಏರಿಯ ಮೇಲೆ ಹೊಂಗೆಯಡಿ ನಿಂತಿದ್ದ ಚಿತ್ರವೊಂದನ್ನು ನಾನು ಓರೆಯಾಗಿ ತೆಗೆದೆ. ಅವರು ನಿಂತದ್ದು ಅಂಚಿನಲ್ಲಿ. ಕೆರೆಯನ್ನು ನೆಟ್ಟಗೆ ಮಾಡುವಷ್ಟರಲ್ಲಿ ಅವರ ಪಾದಗಳೂ ಸೆರಗಿನ ತುದಿಯೂ ಹೋದವು. ಮುಂದಿನ ಚೈತ್ರಕ್ಕೆ ಅವರಿರಲಿಲ್ಲ. ಈಗ ಓರೆಯಾದ ಚಿತ್ರವನ್ನೇ ಇಟ್ಟುಕೊಂಡಿದ್ದೇನೆ.

ಇನ್ನೊಂದು ಮಾತು. ಗಾಳಿ ಎದ್ದರೆ ಬಿಂಬ ಒಡೆದುಹೋಗುತ್ತದೆ. ಬೆಳಗಿನ ಏಳು ಗಂಟೆಯೊಳಗೆ ಕೆರೆಯ ಬಳಿ ಇರಿ.